ಸಮುದ್ರಕ್ಕೊಂದು ನೊಗ

"ಕಣ್ಣು ಮುಚ್ಕೊ," ಅಂದ ಅಪ್ಪ. "ಮುಚ್ಕೊಮ್ಮಾ ಅಂದ್ರೆ! ಕದ್ದು ನೋಡ್ಬಾರ್ದು."

ಪ್ರೇರಣಾ ಕಣ್ಣು ಮುಚ್ಚಿದಳು. ಉರಿಗಾಂ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅಪ್ಪನ ಗೆಳೆಯ ಆರೋಗ್ಯಂನ ಲೇತ್ ಅಂಗಡಿ. ಒಳಗಿನಿಂದ ಕಾದ ಎಣ್ಣೆಯ ವಾಸನೆ ಬರುತ್ತಿತ್ತು. ಅಪ್ಪ ಅವಳ ಮಣಿಕಟ್ಟು ಹಿಡಿದು ನಡೆಸಿದ, ಚಿಕ್ಕಂದಿನಲ್ಲಿ ರಸ್ತೆ ದಾಟಿಸುತ್ತಿದ್ದ ಹಾಗೆ. ಆ ಹಿಡಿತದೊಳಗೆ ಸಣ್ಣಗೆ ನಡುಗುತ್ತಿರುವುದು ಅಪ್ಪನ ಕೈಯೋ ತನ್ನದೋ ಎಂದು ಒಂದು ಕ್ಷಣ ಗೊತ್ತಾಗಲಿಲ್ಲ. ಅಪ್ಪನದೇ. ಬಲಗೈ ನಡುಕ ಶುರುವಾಗಿದೆ ಎಂದು ಅಮ್ಮ ಫೋನಿನಲ್ಲಿ ಹೇಳಿದ್ದಳು.

ಬೆರಳಿಗೆ ಕಬ್ಬಿಣ ತಗುಲಿತು. ಬಣ್ಣ ಬಳಿದು ನುಣ್ಣಗಾದ, ತಣ್ಣನೆಯ ಕಬ್ಬಿಣ. ಚೌಕಾದ ಪೈಪು. ಸವರುತ್ತ ಹೋದ ಹಾಗೆ ತುದಿಯಲ್ಲೊಂದು ತಟ್ಟೆ, ತಟ್ಟೆಯ ಮೂಲೆಗೊಂದೊಂದು ತೂತು. ಕಣ್ಣು ಬಿಡುವ ಮೊದಲೇ ಅವಳಿಗೆ ಗೊತ್ತಾಗಿಹೋಯಿತು.

"ಈಗ ನೋಡು."

ಬೆಂಚಿನ ಮೇಲೆ, ಆಳುದ್ದಕ್ಕಿಂತ ಒಂದಿಷ್ಟು ಹೆಚ್ಚೇ ಇದ್ದ ಹಳದಿ ನೊಗ ಮಲಗಿತ್ತು. ಮೂರು ಮಳೆಗಾಲಗಳ ಹಿಂದೆ ಅಪ್ಪ ಕಡಲಿಗೆಂದು ಕೊಟ್ಟುಕಳಿಸಿದ್ದ ಮೊದಲನೆಯದರ ಹಾಗೇ. ಅದರದೇ ಬಣ್ಣ, ಅದರದೇ ಅಳತೆ. ನಡುವೆ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಅಕ್ಷರಗಳು ಮಾತ್ರ ಬೇರೆ: "ನಂ. 2. ಬಂಗಾಳ ಕೊಲ್ಲಿಗೆ. ಮುನಿಸ್ವಾಮಪ್ಪ, ಕಾಂತಮ್ಮ, ಬಂಗಾರಪೇಟೆ."

"ಎನ್ನಮ್ಮಾ ಸೈಂಟಿಸ್ಟು, ಮುಖ ಯಾಕೆ ಇಂಗೆ ಬಿಟ್ಕೊಂಡೆ?" ಲೇತಿನ ಹಿಂದಿನಿಂದ ಆರೋಗ್ಯಂ ಕೂಗಿದ. ಅವನೂ ಅಪ್ಪನೂ ಒಂದೇ ಕಾರ್ಖಾನೆಯಲ್ಲಿ ಕೂದಲು ಬೆಳ್ಳಗಾಗಿಸಿಕೊಂಡವರು. ನಿವೃತ್ತಿಯಾದ ಮೇಲೆ ಇವನು ಈ ಅಂಗಡಿ ಇಟ್ಟಿದ್ದ. "ಯುಗಾದಿ ಆದಾಗಿಂದ ನಿಮ್ಮಪ್ಪ ಇಲ್ಲೇ ಠಿಕಾಣಿ. ನಂದೇ ಡ್ರಿಲ್ಲು, ನಂದೇ ಕರೆಂಟು, ಬೈಗುಳಾನೂ ನಂಗೇ! ಒಂದ್ ಸಲ ಕೈ ಇಡೋಕೆ ಬಿಟ್ಟಿದ್ರೆ ಕೇಳು."

"ನೀನು ಕೈ ಇಟ್ರೆ ಅದು ಗೇಟಾಗ್ತದೆ ಕಣ್ಲಾ," ಅಂದ ಅಪ್ಪ. "ಗೇಟು ಮಾಡೋನಿಗೆ ನೊಗ ಏನ್ ಗೊತ್ತು?"

"ಪೋಪ್ಪಾ! ಗೇಟಾದ್ರೂ ಜನ ತೆಗೀತಾರೆ, ಆಕ್ತಾರೆ. ನಿನ್ ನೊಗ ಸಮುದ್ರದಲ್ಲಿ ಯಾವ್ ಮೀನು ನೋಡ್ತದೆ?"

ಅಪ್ಪ ನಕ್ಕ. ನಕ್ಕು ಮಗಳ ಕಡೆ ತಿರುಗಿದ. "ಯುಗಾದಿ ದಿನ ಫೋನಲ್ಲಿ ಏಳಿದ್ಯಲ್ಲ, ಬಂಗಾಳ ಕೊಲ್ಲೀಲೂ ಒಂದು ಅಟ್ಟಣೆ ಎಬ್ಬಿಸ್ತಾವ್ರೆ ಅಂತ. ಅವತ್ತೇ ಅಂದ್ಕೊಂಡೆ. ನಿಂಗೆ ಏಳ್ಲಿಲ್ಲ. ಈ ಕೈ ಇನ್ನೆಷ್ಟು ದಿನ ಮಾತು ಕೇಳ್ತದೋ, ಕೇಳೋವಾಗ್ಲೇ ಮುಗಿಸ್ಬಿಡಾಣ ಅಂತ." ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ಅದು ಯಾರದೋ ಕೈ ಎಂಬಂತೆ ನೋಡಿದ. "ಸೋಮವಾರ ನಾನೂ ಬತ್ತೀನಿ ನಿನ್ ಜೊತೆ, ನಿನ್ ಆಫೀಸಿಗೆ. ನಿನ್ ಗಾಡೀಲೇ ಟಿಕೀಟು ಮಾಡ್ಸಿದೀನಿ. ನಿಮ್ಮಮ್ಮ ಬರಲ್ಲ, ಅಸು ಯಾರ್ ಕರೀತಾರೆ ಅಂತಾಳೆ. ಮೊದ್ಲು ಅಳೇ ನೊಗ ನೋಡಾಣ, ಎಂಗೈತೆ ಅಂತ. ಆಮೇಲೆ ಆ ಕಡೆ ಕೊಲ್ಲಿಗೂ ಓಗಿ ಇದನ್ನ ನನ್ ಕೈಯಾರೆ ಬೋಲ್ಟ್ ಬಿಗಿದು ಬರ್ತೀನಿ."

ಪ್ರೇರಣಾ "ಹೂಂ" ಅಂದಳು. ಹಳೆಯ ನೊಗ ಸಮುದ್ರದಲ್ಲಿ ಇರಲೇ ಇಲ್ಲ. ಒಂದು ದಿನದ ಮಟ್ಟಿಗೂ ಇರಲಿಲ್ಲ.

ನೊಗ ಎಂಬ ಹೆಸರೂ ಅಪ್ಪನದೇ. ಪ್ರೇರಣಾ ಸಂಶೋಧನೆಗೆ ಸೇರಿದ ಹೊಸದರಲ್ಲಿ, ರಜೆಗೆ ಬಂದಾಗ, ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ತನ್ನ ಕೆಲಸವನ್ನು ಅಪ್ಪನಿಗೆ ವಿವರಿಸಲು ಹೊರಟಿದ್ದಳು. ಹೊರಗಿನವರ ಮುಂದೆ ನಾಲ್ಕು ಮಾತಾಡಲು ಬೆವರುವವಳು ಅಪ್ಪನ ಎದುರಿಗೆ ಮಾತ್ರ ಹೊಳೆಯಾಗುತ್ತಿದ್ದಳು. ಸಮುದ್ರದ ಮೈಗೂ ಒಂದು ಆಕಾರ ಉಂಟು ಅಪ್ಪ, ಆದರೆ ಅದು ಚಣಚಣಕ್ಕೂ ಬದಲಾಗುತ್ತದೆ. ಮಕ್ಕಳು ಬರೆಯುತ್ತವಲ್ಲ, ಹಾವಿನ ಹಾಗೆ ಒಂದೇ ಸಮನೆ ಏರಿಳಿಯುವ ಗೆರೆ, ಅಲೆ ಹಾಗಿರುವುದಿಲ್ಲ. ನೆತ್ತಿ ಚೂಪು, ತಗ್ಗು ಅಗಲ. ಅದನ್ನು ಅಳೆಯಬೇಕಾದರೆ ಒಂದು ಕ್ಯಾಮೆರಾ ಸಾಲದು, ಎರಡು ಬೇಕು. ಎರಡೂ ಒಂದೇ ಗಳಿಗೆಗೆ ಚಿತ್ರ ತೆಗೆಯಬೇಕು. ಎರಡನ್ನೂ ಹೋಲಿಸಿದರೆ ನೀರಿನ ಒಂದೊಂದು ಚುಕ್ಕೆಯ ಎತ್ತರ ಸಿಗುತ್ತದೆ. ಚುಕ್ಕೆಗಳನ್ನು ಹೆಣೆದರೆ ಬಲೆಯ ಹಾಗೆ ಇಡೀ ಸಮುದ್ರದ ಮೈ ಕಣ್ಣೆದುರು ನಿಲ್ಲುತ್ತದೆ.

ಅಪ್ಪ ಒಂದು ಕಣ್ಣು ಮುಚ್ಚಿ ಎದುರಿಗಿದ್ದ ಹಾಲಿನ ಚೊಂಬಿನ ಕಂಠಕ್ಕೆ ಬೆರಳು ಮುಟ್ಟಿಸಲು ಹೋದ. ತಪ್ಪಿತು. ಎರಡೂ ಕಣ್ಣು ಬಿಟ್ಟು ಮುಟ್ಟಿಸಿದ. "ಔದು ಕಣಮ್ಮಾ. ಒಂದೇ ಕಣ್ಣಲ್ಲಿ ಸೂಜಿಗೆ ದಾರ ಪೋಣ್ಸೋಕಾಗಲ್ಲ," ಅಂದ. ಚೊಂಬನ್ನು ಪಕ್ಕಕ್ಕೆ ಸರಿಸಿ, "ಅಂಗಾದ್ರೆ ಎರಡು ಎತ್ತು. ಒಂದು ಆ ಕಡೆ, ಇನ್ನೊಂದು ಈ ಕಡೆ ಓದ್ರೆ ಕೆಟ್ಟೋಯ್ತು. ಎರಡಕ್ಕೂ ಸೇರ್ಸಿ ನೊಗ ಬೇಕಲ್ಲ?"

ಬೇಕಿತ್ತು. ಕ್ಯಾಮೆರಾಗಳನ್ನು ಹಿಡಿದಿಡುವ ತೊಲೆ ಕೂದಲೆಳೆಯಷ್ಟು ತಿರುಚಿದರೂ ಲೆಕ್ಕದಲ್ಲಿ ಇಡೀ ಸಮುದ್ರವೇ ಒಂದು ಪಕ್ಕಕ್ಕೆ ವಾಲಿಬಿಡುತ್ತದೆ. ಅಂಥ ತೊಲೆಗೆ ಆಗ ವಿದ್ಯಾರ್ಥಿನಿಯಾಗಿದ್ದ ಅವಳ ಬಳಿ ದುಡ್ಡಿರಲಿಲ್ಲ. ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದ ಅಪ್ಪ ಚೌಕದ ಪೈಪು ತಂದು, ಕೊಯ್ದು, ಅರ ಹಾಕಿ ಉಜ್ಜಿ, ಎರಡೂ ತುದಿಯ ತಟ್ಟೆಗಳು ಒಂದೇ ಮಟ್ಟಕ್ಕೆ ನಿಲ್ಲುವಂತೆ ಬೆಸೆದುಕೊಟ್ಟ. ಅದನ್ನು ಬೇತಮಂಗಲದ ಕೆರೆ ಏರಿಯ ಮೇಲೆ ನಿಲ್ಲಿಸಿ ಮೊದಲ ಚಿತ್ರಗಳನ್ನು ತೆಗೆದರು. ಅಮ್ಮ ಹುಳಿಯನ್ನ ಕಟ್ಟಿಕೊಂಡು ಬಂದಿದ್ದಳು. ಸಂಜೆಯ ಹೊತ್ತಿಗೆ ಲ್ಯಾಪ್‌ಟಾಪಿನಲ್ಲಿ ಕೆರೆಯ ಕಿರುಅಲೆಗಳು ನೀಲಿ ಕೆಂಪು ಬಣ್ಣಗಳಲ್ಲಿ ಮೂಡಿದಾಗ ಅಪ್ಪ ಬಗ್ಗಿ ನೋಡಿದ್ದ.

"ನೀಲಿ ಇರೋದು ಉಬ್ಬಾ?"

"ಇಲ್ಲಪ್ಪ, ಕೆಂಪು ಉಬ್ಬು. ನೀಲಿ ತಗ್ಗು."

"ನಮ್ ಕಡೆ ಉಲ್ಟಾ. ಸಮತಟ್ಟು ಕಲ್ಲಿಗೆ ಬ್ಲೂ ಬಣ್ಣ ಬಳ್ದು ಕಬ್ಬಿಣಾನ ಅದ್ರ್ ಮೇಲೆ ಉಜ್ಜುದ್ರೆ, ಕಬ್ಬಿಣಕ್ಕೆ ನೀಲಿ ಅತ್ತಿದ್ ಕಡೆ ಉಬ್ಬು. ಅಲ್ಲಿ ಕೆರೆದು ಕೆರೆದು ಸಮ ಮಾಡ್ಬೇಕು. ಜೀವಮಾನ ಎಲ್ಲಾ ಅದೇ ಮಾಡಿದ್ದು ನಾನು. ನೀನು ಉಬ್ಬು ಕಂಡ್ರೆ ಏನ್ ಮಾಡ್ತೀಯಾ?"

"ಎಷ್ಟು ಉಬ್ಬಿದೆ ಅಂತ ಬರ್ಕೋತೀನಿ."

"ಅಷ್ಟೇಯಾ? ಸಮ ಮಾಡಲ್ವಾ?"

"ಇಲ್ಲ."

"ಅದಕ್ಕೆ ಸಂಬಳ ಬೇರೆ ಕೊಡ್ತಾರಾ!" ಅಂದು ಅಪ್ಪ ಏರಿಯ ಮೇಲೆ ಹೊಟ್ಟೆ ಹಿಡಿದು ನಕ್ಕಿದ್ದ.

ಅವಳಿಗೆ ಪಶ್ಚಿಮ ಕರಾವಳಿಯ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಿತು. ತೀರದಿಂದ ದೂರ, ಕಡಲಲ್ಲಿ ನೆಟ್ಟ ಕಬ್ಬಿಣದ ಅಟ್ಟಣೆಯ ಮೇಲೆ ಎರಡು ಕ್ಯಾಮೆರಾ ಕೂರಿಸುವುದೆಂದು ಗೊತ್ತಾಯಿತು. ನೊಗವೂ ಕಡಲಿಗೆ ಹೋಗುತ್ತದೆ ಎಂದು ಅಪ್ಪನಿಗೆ ಯಾರೂ ಹೇಳಲಿಲ್ಲ. ಹೋಗದೆ ಇರಬಹುದು ಎಂದು ಅವನಿಗೆ ಅನ್ನಿಸಲೇ ಇಲ್ಲ. ಆಯುಧಪೂಜೆಯ ದಿನ ಅದಕ್ಕೆ ಹೊಸ ಹಳದಿ ಬಳಿದು, ಅರಿಸಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದ. ಮಾರನೆಯ ದಿನ ಬಂಗಾರಪೇಟೆಯ ಬಜಾರಿಗೆ ಹೆಗಲ ಮೇಲೆ ಹೊತ್ತುಕೊಂಡು ಹೋಗಿ, ಪಾತ್ರೆ ಅಂಗಡಿಯಲ್ಲಿ, ಮದುವೆಗೆ ಕೊಡುವ ಕೊಳಗಗಳ ಮೇಲೆ ಹೆಸರು ಹಾಕುವ ಮೆಷೀನಿನಲ್ಲಿ ಟರ್ರೆಂದು ಅಕ್ಷರ ಕೆತ್ತಿಸಿಕೊಂಡು ಬಂದ: "ಚಿ. ಪ್ರೇರಣಾಳಿಗೆ, ತಂದೆ ಮುನಿಸ್ವಾಮಪ್ಪ, ತಾಯಿ ಕಾಂತಮ್ಮ, ಬಂಗಾರಪೇಟೆ." ಮನೆಯಿಂದ ಹೊರಗೆ ಹೋಗುವ ಯಾವ ಪಾತ್ರೆಗೂ ಹೆಸರಿಲ್ಲದಿದ್ದರೆ ಅದು ತಿರುಗಿ ಬರುವುದಿಲ್ಲ ಎಂಬುದು ಆ ಮನೆಯ ನಂಬಿಕೆ. ಅಮ್ಮ ತನ್ನ ಹಳೆಯ ಸೀರೆಯಲ್ಲಿ ಅದನ್ನು ಸುತ್ತಿಕೊಟ್ಟಳು.

ಸಂಸ್ಥೆಯಲ್ಲಿ ಸೀರೆ ಬಿಚ್ಚಿದ ದಿನ ಹೊರದೇಶದ ವಿಜ್ಞಾನಿಗಳಿಬ್ಬರು ಬಂದಿದ್ದರು. ಜೊತೆಯವನೊಬ್ಬ, "ಇದೇನು, ಮದುವೆ ಉಡುಗೊರೇನಾ?" ಅಂದ. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ ಅದು. ಬಂದವರಲ್ಲಿ ಒಬ್ಬಾಕೆ, ವಯಸ್ಸಾದವಳು, ಅಕ್ಷರಗಳ ಮೇಲೆ ಬೆರಳಾಡಿಸಿ, ಏನು ಬರೆದಿದೆ ಎಂದು ಅಕ್ಕರೆಯಿಂದಲೇ ಕೇಳಿದಳು. ಪ್ರೇರಣಾಳ ಕಿವಿ ಬಿಸಿಯಾಯಿತು. "ಏನಿಲ್ಲ, ಯಾವುದೋ ವರ್ಕ್‌ಶಾಪಿನ ಹೆಸರು," ಎಂದಳು.

ಹೊರಗಿನಿಂದ ತರಿಸಿದ್ದ ತೊಲೆಯೊಂದು ಅಲ್ಲಿತ್ತು. ಹಗುರ, ಕಪ್ಪು, ಬಿಸಿಲಿಗೆ ಹಿಗ್ಗದ್ದು. ಅಟ್ಟಣೆಗೆ ಅದು ಹೋಯಿತು. ಕಬ್ಬಿಣ ಬಿಸಿಲಿಗೆ ಹಿಗ್ಗುತ್ತದೆ ಎಂಬುದು ಸುಳ್ಳು ಕಾರಣವೇನೂ ಆಗಿರಲಿಲ್ಲ. ಆದರೆ ಅಪ್ಪನ ನೊಗ ಎಷ್ಟು ಹಿಗ್ಗುತ್ತದೆ, ಅದನ್ನು ಲೆಕ್ಕದಲ್ಲಿ ಸರಿದೂಗಿಸಿಕೊಳ್ಳಬಹುದೇ ಎಂದು ಅವಳು ನೋಡಲಿಲ್ಲ. ಅಳೆಯುವುದೇ ಕಸುಬಾದವಳು ಅದೊಂದನ್ನು ಅಳೆಯದೆ ಬಿಟ್ಟಳು. ಸೀರೆ ಸುತ್ತಿದ ನೊಗ ಉಗ್ರಾಣದ ಮೂಲೆಗೆ ಹೋಯಿತು. ಸಂಜೆ ಅಪ್ಪನ ಫೋನು ಬಂತು. "ಆಕಿದ್ರಾ?"

"ಹೂಂ ಅಪ್ಪ. ಹಾಕಿದ್ವಿ."

ಅಷ್ಟೇ. ಆಮೇಲೆ ಆ ಮಾತು ಅವಳ ಕೈಯಲ್ಲಿ ಉಳಿಯಲಿಲ್ಲ. ಅಪ್ಪ ಡೈರಿಗೆ ಹಾಲು ಹಾಕುವ ಸಾಲಿನಲ್ಲಿ ಹೇಳಿದ, ಮರಿಕುಪ್ಪಂ ರೈಲಿನಲ್ಲಿ ಹೇಳಿದ, ಸಾವಿನ ಮನೆಯಲ್ಲೂ ಹೇಳಿದ. ಸಮುದ್ರದಲ್ಲಿ ಬಿರುಗಾಳಿ ಎದ್ದಿದೆ ಎಂದು ಟೀವಿಯಲ್ಲಿ ಬಂದರೆ, "ನೊಗ ಗಟ್ಟಿಯಾಗೈತಾ?" ಎಂದು ಫೋನು ಮಾಡಿ ಕೇಳುತ್ತಿದ್ದ. ಗಟ್ಟಿಯಾಗಿದೆ ಅಪ್ಪ, ಎನ್ನುತ್ತಿದ್ದಳು. ಪ್ರತಿ ಸಲವೂ ಮುಂದಿನ ಸಲ ಹೇಳಿಬಿಡೋಣ ಎಂದುಕೊಳ್ಳುತ್ತಿದ್ದಳು.

"ಎಲ್ಲಮ್ಮಾ, ಒಂದು ಫೋಟೋನಾದ್ರೂ ತೋರ್ಸು," ಆರೋಗ್ಯಂ ಲೇತ್ ನಿಲ್ಲಿಸಿ ಕೈ ಒರೆಸಿಕೊಳ್ಳುತ್ತ ಬಂದ. ಎದುರಿನ ಅಂಗಡಿಯಿಂದ ಟೀ ಬಂದಿತ್ತು. "ನಿಮ್ಮಪ್ಪ ಮೂರು ವರ್ಷದಿಂದ ನೊಗ ನೊಗ ಅಂತ ನಮ್ ತಲೆ ತಿಂತಾ ಅವ್ರೆ. ನಾವೂ ನೋಡ್ಬೇಕಲ್ಲ."

ಪ್ರೇರಣಾ ಫೋನಿನಲ್ಲಿದ್ದ ಒಂದು ವಿಡಿಯೋ ಹಾಕಿದಳು. ಬೂದು ಸಮುದ್ರ, ಅದರ ಪಕ್ಕದಲ್ಲೇ ಅದೇ ಸಮುದ್ರ ಬಣ್ಣದ ಬಲೆಯಾಗಿ ಏಳುತ್ತ ಬೀಳುತ್ತ ಇತ್ತು.

"ಬರೀ ನೀರಿದೆಯಲ್ಲಮ್ಮಾ! ನೊಗ ಎಲ್ಲಿ?"

ಅವಳು ಬಾಯಿ ತೆರೆಯುವ ಮೊದಲೇ ಅಪ್ಪ ಅಂದ, "ಥೂ ಪೆದ್ದ, ನಿನ್ ಕಣ್ಣಿಗೆ ನಿನ್ ಕಣ್ಣುಬ್ಬು ಕಾಣ್ತದೇನ್ಲಾ? ಕಣ್ಣು ನೊಗದ್ ಮೇಲೆ ಕುಂತೈತೆ. ಅದು ಮುಂದ್ಗಡೆ ನೋಡ್ತದೆ."

"ಅದೂ ನಿಜಾನೇ," ಎಂದು ಆರೋಗ್ಯಂ ಒಪ್ಪಿಕೊಂಡ. "ಆದ್ರೂ ಪಾಪಾ, ಅಲೆ ಅಂದ್ರೆ ಅಲೆ. ಅದ್ರಲ್ಲಿ ಇಷ್ಟು ವರ್ಷ ಓದೋಕೆ ಏನೈತೆ?"

ಮಾತು ಬೇರೆ ಕಡೆ ತಿರುಗಿದ್ದಕ್ಕೆ ಅವಳಿಗೆ ಉಸಿರು ಬಂದಂತಾಯಿತು. ಆ ಉಸಿರಿನಲ್ಲೇ ಹೇಳಿದಳು. ಮರೀನಾ ಬೀಚಿನಲ್ಲಿ ನೀವು ಒಂದೇ ಕಡೆ ನಿಂತು ನೋಡಿದ್ದೀರಲ್ಲ ಅಂಕಲ್, ಹಾಗೆಯೇ ಸಮುದ್ರದಲ್ಲಿ ತೇಲಿಬಿಟ್ಟ ಯಂತ್ರಗಳೂ ಒಂದೇ ಕಡೆ ನಿಂತು, ತಮ್ಮ ಕೆಳಗೆ ಹಾದುಹೋದ ಅಲೆಯನ್ನು ಮಾತ್ರ ಅಳೆಯುತ್ತವೆ. ಆದರೆ ಅಲೆಯ ನೆತ್ತಿ ತುಂಬ ಉದ್ದ ಇರುವುದಿಲ್ಲ. ಒಂದು ಗುಡ್ಡದ ಹಾಗೆ ಏಳುತ್ತದೆ, ಬೀಳುತ್ತದೆ. ಅತಿ ಎತ್ತರದ್ದು ಯಂತ್ರದ ಪಕ್ಕದಲ್ಲೇ ಎದ್ದು ಬಿದ್ದುಹೋಗಿರುತ್ತದೆ, ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ. ಒಂದು ಜಾಗ ನೋಡಿದರೆ ಸಿಗುವುದಕ್ಕಿಂತ, ಅಗಲವಾದ ಒಂದು ಹರವನ್ನು ನೋಡಿದರೆ ಸಿಗುವ ಅತಿ ದೊಡ್ಡ ಅಲೆ ಯಾವಾಗಲೂ ದೊಡ್ಡದು. ಹಡಗು, ಅಟ್ಟಣೆ ಕಟ್ಟುವವರಿಗೆ ಆ ಲೆಕ್ಕ ಬೇಕು. ಅದಕ್ಕೇ ಎರಡು ಕಣ್ಣು.

"ಅಂದ್ರೆ ಪಕ್ಕದ್ ಮನೇಲಿ ಏನಾಯ್ತು ಅಂತ ನಮ್ಗೆ ಗೊತ್ತಾಗಲ್ಲ, ಅಷ್ಟೇ ತಾನೆ?" ಅಂದ ಆರೋಗ್ಯಂ.

"ಅಷ್ಟೇ," ಎಂದು ಪ್ರೇರಣಾ ನಕ್ಕಳು.

ಅಪ್ಪ ಈ ಮಾತುಗಳನ್ನು ಅರ್ಧ ಕೇಳಿಸಿಕೊಂಡಿದ್ದ. ಅವನು ತುಕ್ಕು ತಡೆಯುವ ರೆಡ್ ಆಕ್ಸೈಡಿನ ಡಬ್ಬಿಯ ಮುಚ್ಚಳ ಮೀಟಿ ತೆಗೆದು, ಬ್ರಷ್ಷನ್ನು ಅಂಗೈಗೆ ಬಡಿದು ಧೂಳು ಕೊಡವಿ, ನೊಗದ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದ.

"ಈಗ ಇದೊಂದು ಏಳ್ಬಿಡು ಪಾಪಾ. ಇದಕ್ಕೋಸ್ಕರಾನೇ ಕಾಯ್ತಿದ್ದೆ, ನೀನು ಬರ್ಲಿ ಅಂತ. ಅಳೇ ನೊಗ ಎಲ್ಲೆಲ್ಲಿ ತುಕ್ಕಿಡೀತು? ಬೆಸುಗೆ ಅತ್ರಾನಾ, ತೂತಿನ್ ಅತ್ರಾನಾ? ಎಲ್ಲಿ ಇಡೀತೋ ಅಲ್ಲಿ ಇದಕ್ಕೆ ಇನ್ನೆರಡು ಕೋಟು ಜಾಸ್ತಿ ಕೊಡ್ತೀನಿ."

ಅವಳು ಟೀ ಲೋಟ ಕೆಳಗಿಟ್ಟಳು. ತುಕ್ಕು ಹಿಡಿದಿದೆ ಎಂದರೆ ಅಪ್ಪನಿಗೆ ನೋವಾಗುತ್ತದೆ ಎಂದು ಮಾತ್ರ ಆ ಹೊತ್ತಿಗೆ ಅವಳಿಗೆ ಅನ್ನಿಸಿತು. ಆ ಕೆಲಸದ ಮೇಲೆ ಒಂದು ಒಳ್ಳೆಯ ಮಾತಾಡಬೇಕು ಅನ್ನಿಸಿತು. ಅಷ್ಟನ್ನಾದರೂ ಕೊಡಬೇಕು ಅನ್ನಿಸಿತು.

"ಒಂದು ಚೂರೂ ಇಲ್ಲಪ್ಪ," ಎಂದಳು. "ನೀನು ಕೊಟ್ಟ ದಿನ ಹೇಗಿತ್ತೋ ಹಾಗೇ ಇದೆ."

ಅಪ್ಪ ತಲೆಯೆತ್ತಿದ. ಅವಳನ್ನೇ ನೋಡಿದ.

"ಸಮುದ್ರದ್ ಮಧ್ಯ," ಎಂದು ಆರೋಗ್ಯಂ ನಿಧಾನವಾಗಿ ಶುರುಮಾಡಿದ. ಅವನ ಮೀಸೆಯ ಕೆಳಗೆ ನಗು ಹೊರಡುತ್ತಿತ್ತು. "ಮೂರು ಮಳೆಗಾಲ. ಉಪ್ಪು ಗಾಳಿ. ಕಬ್ಬಿಣ. ಒಂದ್ ಚೂರೂ ಇಲ್ವಾ? ಅಯ್ಯೋ ಕಡವುಳೇ, ನಮ್ಮನೆ ಬಕೆಟ್ಟು ಬಚ್ಚಲಲ್ಲಿ ಇಟ್ರೆ..."

"ಇಲ್ಲ ಅಂದ್ಲಲ್ಲ," ಅಂದ ಅಪ್ಪ. ಜೋರಾಗಿಯೇ ಅಂದ. "ಮುನಿಸ್ವಾಮಪ್ಪ ಬಳ್ದಿರೋ ಬಣ್ಣ ಕಣ್ಲಾ ಅದು. ನಿನ್ ಗೇಟು ಅಂದ್ಕೊಂಡಾ?"

"ಸರೀಪ್ಪಾ, ಸರಿ. ಗೆದ್ದೆ ನೀನು."

"ಮತ್ತೆ!"

ಅಪ್ಪ ನಗುತ್ತಿದ್ದ. ನಗುತ್ತಲೇ ಬ್ರಷ್ಷನ್ನು ಅದ್ದದೆ ಪಕ್ಕಕ್ಕಿಟ್ಟು, ಡಬ್ಬಿಯ ಬಾಯಿಗೆ ಮುಚ್ಚಳ ಕೂರಿಸಿ, ಬ್ರಷ್ಷಿನ ಹಿಡಿಯಿಂದ ಸುತ್ತಲೂ ಮೆಲ್ಲಗೆ ಕುಟ್ಟಿ ಬಿಗಿ ಮಾಡಿದ. ಕೈ ನಡುಗುತ್ತಿದ್ದುದರಿಂದ ಕೆಲವು ಏಟು ಮುಚ್ಚಳಕ್ಕೆ ಬಿದ್ದವು, ಕೆಲವು ನೆಲಕ್ಕೆ.

ಮಧ್ಯಾಹ್ನದ ರೈಲು ಮರಿಕುಪ್ಪಂನಿಂದ ಅರ್ಧ ಖಾಲಿಯಾಗಿಯೇ ಬಂತು. ನೊಗವನ್ನು ಸೀಟುಗಳ ಕೆಳಗೆ ನುಗ್ಗಿಸಿ ಅಪ್ಪ ಕಿಟಕಿಯ ಬಳಿ ಕೂತ. ಎದುರಿಗೆ ಮಗಳು. ಹೊರಗೆ, ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಮಣ್ಣಿನ ಸೈನೈಡ್ ದಿಬ್ಬಗಳು ಒಂದೊಂದಾಗಿ ಸರಿದವು. ಬೂದು ಬಿಳುಪಿನ ಅವುಗಳ ಮೈಮೇಲೆ ಗಾಳಿ ಎಳೆದ ಸುಕ್ಕು, ಮಳೆ ಕೊರೆದ ಕೊರಕಲು. ಚಿಕ್ಕವಳಿದ್ದಾಗ ಇದನ್ನೇ ಅವಳು ಸಮುದ್ರ ಅಂದುಕೊಂಡಿದ್ದಳಂತೆ. ಅಪ್ಪ ಎಲ್ಲರಿಗೂ ಹೇಳಿ ನಗಿಸುತ್ತಿದ್ದ ಕತೆ. ಇವತ್ತು ಅಪ್ಪ ಆ ಕಡೆ ನೋಡುತ್ತಿದ್ದರೂ ಕತೆ ಹೇಳಲಿಲ್ಲ.

ಆಗ ಅವಳಿಗೆ ಹೊಳೆಯಿತು. ಉಗ್ರಾಣವಿರುವುದು ಕಡಲಿನ ಬಗಲಲ್ಲೇ. ಅಲ್ಲಿ ಬಾಗಿಲ ಚಿಲಕವೂ ಒಂದು ಮಳೆಗಾಲ ತಡೆಯುವುದಿಲ್ಲ. ಮೂಲೆಯಲ್ಲಿ ಸೀರೆಯೊಳಗೆ ಮಲಗಿರುವ ನೊಗಕ್ಕೂ ಇಷ್ಟು ಹೊತ್ತಿಗೆ ತುಕ್ಕು ಹತ್ತಿಯೇ ಇರಬೇಕು, ಬೆಸುಗೆಯ ಹತ್ತಿರವೋ ತೂತಿನ ಹತ್ತಿರವೋ. ಈ ಮೂರು ವರ್ಷದಲ್ಲಿ ಒಂದೇ ಒಂದು ಸಲ ಹೋಗಿ ಸೀರೆ ಸರಿಸಿ ನೋಡಿದ್ದರೆ, ಅಪ್ಪ ಕೇಳಿದ್ದಕ್ಕೆ ಅವಳ ಬಳಿ ಉತ್ತರ ಇರುತ್ತಿತ್ತು.

ಪಕ್ಕದ ಸೀಟ್‌ನಲ್ಲಿದ್ದ ಹೆಂಗಸು ಕಾಲಿಗೆ ತಗುಲಿದ್ದನ್ನು ಬಗ್ಗಿ ನೋಡಿದಳು. "ಏನಣ್ಣಾ ಇದು ಇಷ್ಟುದ್ದ? ಚಪ್ಪರದ್ ಕಂಬಾನಾ?"

ಪ್ರೇರಣಾ ಕಣ್ಣು ಕೆಳಗೆ ಹಾಕಿದಳು. ಈಗ ಶುರುವಾಗುತ್ತದೆ. ಸಮುದ್ರ, ಅಟ್ಟಣೆ, ಎರಡು ಎತ್ತು, ನನ್ ಮಗಳು.

"ಮನೆಗ್ ಬೇಕಾಗಿತ್ತು," ಅಂದ ಅಪ್ಪ.

ಕೋರಮಂಡಲ್ ದಾಟಿತು. ಅಪ್ಪ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಅಲ್ಲಿ ಅದು ನಡುಗುವುದು ಕಾಣುತ್ತಿರಲಿಲ್ಲ.

"ಪಾಪಾ."

"ಏನಪ್ಪ?"

"ಆ ಎರಡು ಕಣ್ಣೂ ಸರಿಯಾಗ್ ಕೆಲ್ಸ ಮಾಡ್ತಾವಾ?"

"ಮಾಡ್ತವೆ."

"ಅಲ್ಲಾಡಲ್ಲ ತಾನೆ? ಬಿಗಿಯಾಗ್ ಇಡ್ಕೊಂಡೈತಾ ಅದು?" ಯಾವುದು ಎಂದು ಅವನು ಹೇಳಲಿಲ್ಲ.

"ಹಿಡ್ಕೊಂಡಿದೆ."

"ಅಲೆ ಚೆನ್ನಾಗ್ ಕಾಣ್ಸ್ತದಾ?"

"ಕಾಣಿಸುತ್ತೆ ಅಪ್ಪ."

"ಆಯ್ತು. ಅಷ್ಟಿದ್ರೆ ಸಾಕು." ಅಪ್ಪ ಕಿಟಕಿಯ ಕಡೆ ತಿರುಗಿದ. ಅಲ್ಲೇ ನೋಡುತ್ತ, "ಸೋಮವಾರ ನಾನು ಬರಲ್ಲ ಬಿಡಮ್ಮಾ," ಅಂದ.

"ಯಾಕಪ್ಪ?"

"ಮಂಡಿ ನೋವು. ಅಷ್ಟ್ ದೂರ ಕೂತ್ಕೊಳೋಕಾಗಲ್ಲ. ಇದೂ ಬ್ಯಾಡ. ನೀನೊಬ್ಳೇ ಎಂಗ್ ಒತ್ಕೊಂಡೋಯ್ತೀಯಾ? ಭಾರ."

ಅವಳಿಗೆ ಮೊದಲು ಬಂದದ್ದು ನೆಮ್ಮದಿ. ಬಿಸಿಲಿನಲ್ಲಿ ನಡೆದು ಬಂದವಳಿಗೆ ಮರದ ನೆರಳು ಸಿಕ್ಕ ಹಾಗೆ ಅದು ಮೈತುಂಬ ಇಳಿಯಿತು. ಅಪ್ಪ ಆ ಹೊತ್ತಿಗೆ ಸರಿಯಾಗಿ ಇತ್ತ ತಿರುಗಿದ್ದ. ಅವಳ ಮುಖದ ಮೇಲೆ ಏನು ಹಾದುಹೋಯಿತೋ ಅದನ್ನು ಅವನು ನೋಡಿದ. ನೋಡಿದ ಎಂಬುದು ಅವಳಿಗೆ ಗೊತ್ತಾಯಿತು.

"ಅಪ್ಪಾ," ಎಂದಳು. "ಅಪ್ಪಾ, ಆ ನೊಗ..."

"ಬಂಗಾರಪೇಟೆ ಬಂತು," ಅಂದ ಅಪ್ಪ. ಬಂದಿರಲಿಲ್ಲ. ಇನ್ನೂ ಒಂದು ಸ್ಟೇಷನ್ನಿತ್ತು. ಆದರೂ ಅವನು ಎದ್ದು, ಬಗ್ಗಿ, ಸೀಟಿನ ಕೆಳಗಿನಿಂದ ನೊಗವನ್ನು ಎಳೆಯತೊಡಗಿದ. "ಆ ತುದಿ ಇಡ್ಕೊ. ಯಾರಿಗೂ ತಗುಲ್ಸ್‌ಬ್ಯಾಡ."

ಇಬ್ಬರೂ ಬಾಗಿಲ ಬಳಿ, ಒಂದೊಂದು ತುದಿ ಹಿಡಿದು, ಊರು ಬರುವವರೆಗೂ ನಿಂತಿದ್ದರು. ಹೇಳುವುದಕ್ಕೆ ಅಷ್ಟು ಹೊತ್ತು ಬೇಕಾದಷ್ಟಾಗಿತ್ತು. ಅವಳು ಹೇಳಲಿಲ್ಲ. ಅವನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಹಿತ್ತಲಿನಲ್ಲಿ ಸುತ್ತಿಗೆಯ ಸದ್ದಿಗೆ ಎಚ್ಚರವಾಯಿತು. ಎದ್ದು ಬರುವಷ್ಟರಲ್ಲಿ ಸದ್ದು ನಿಂತಿತ್ತು. ಅಪ್ಪ ಡೈರಿಗೆ ಹಾಲು ಹಾಕಲು ಹೋಗಿಯಾಗಿತ್ತು. ಅಮ್ಮ ಬಕೆಟ್ಟಿನಲ್ಲಿ ಸೀರೆ ಹಿಂಡುತ್ತಿದ್ದಳು.

"ನೋಡೇ ನಿಮ್ಮಪ್ಪನ್ನ! ಬಟ್ಟೆ ಒಣಗ್ಸೋ ಅಗ್ಗ ಕಿತ್ತೋಗೈತೆ, ಕಟ್ಕೊಡಿ ಕಟ್ಕೊಡಿ ಅಂತ ಮಳೆಗಾಲದಿಂದ ಬಡ್ಕೋತಿದ್ದೆ. ಅಗ್ಗ ಕೇಳಿದ್ರೆ ಇದನ್ನೇ ತಂದು ನಿಲ್ಸವ್ರೆ. ಸಮುದ್ರಕ್ ಮಾಡಿದ್ದಲ್ವಾ ಅಂದೆ. ಅಲ್ಲಿಗೆ ಬೇರೆ ಇದೆಯಂತೆ ಕಣೇ, ಇನ್ನೂ ಒಳ್ಳೇದು. ಔದಾ?"

ಪ್ರೇರಣಾ ಹತ್ತಿರ ಹೋದಳು. ಕೊಟ್ಟಿಗೆಯ ಕಂಬಕ್ಕೂ ನುಗ್ಗೆಮರಕ್ಕೂ ನಡುವೆ ಹಳದಿ ನೊಗ ಅಡ್ಡಲಾಗಿ ನಿಂತಿತ್ತು. ತುದಿಯ ತಟ್ಟೆಗಳಿಗೆ ತಂತಿ ಬಿಗಿದಿತ್ತು. ರಾತ್ರಿಯೆಲ್ಲ ಹಿತ್ತಲಿನಲ್ಲೇ ಬಿದ್ದಿದ್ದ ಅದರ ಮೈಮೇಲೆ ಇಬ್ಬನಿ ಇನ್ನೂ ಇತ್ತು. ಅಕ್ಷರ ಕೆತ್ತಿದ ಮೈಯನ್ನು ಅಪ್ಪ ಗೋಡೆಯ ಕಡೆಗೆ ತಿರುಗಿಸಿ ಕಟ್ಟಿದ್ದ.

ಅಮ್ಮ ಒದ್ದೆ ಸೀರೆಯನ್ನು ಎರಡು ಮಡಿಕೆ ಮಾಡಿ ಅದರ ಮೇಲೆ ಎಸೆದಳು. ಬಯಲ ಕಡೆಯಿಂದ ಗಾಳಿ ಬಂತು. ಸೀರೆಯ ಮೈ ಒಂದು ತುದಿಯಿಂದ ಉಬ್ಬಿತು, ಉಬ್ಬು ಮುಂದಕ್ಕೆ ಹರಿಯಿತು, ನಡುವೆ ಚೂಪಾಗಿ ಎದ್ದು ಬಿತ್ತು, ಪಕ್ಕದಲ್ಲಿ ಮತ್ತೊಂದು ಎದ್ದಿತು. ಅಭ್ಯಾಸಬಲದಿಂದ ಅವಳ ಕಣ್ಣು ಅತಿ ಎತ್ತರದ್ದನ್ನು ಹುಡುಕುತ್ತ ಹೋಯಿತು. ನೊಗ ಮಾತ್ರ ಅಲುಗಲಿಲ್ಲ.

ಅವಳು ಸೀರೆಯನ್ನು ಸರಿಸಿ ಗೋಡೆಯ ಕಡೆಯಿಂದ ಬಂದು ನಿಂತಳು. ಬಣ್ಣ ಬಳಿದ ಮೇಲೆ ಕೆತ್ತಿಸಿದ್ದರಿಂದ ಅಕ್ಷರಗಳ ಚುಕ್ಕಿ ಚುಕ್ಕಿಯಲ್ಲೂ ಬರಿಯ ಕಬ್ಬಿಣ ಕಾಣುತ್ತಿತ್ತು. ಸೀರೆಯ ನೀರು ಅವುಗಳೊಳಗೆ ಇಳಿಯುತ್ತಿತ್ತು. ಹೆಬ್ಬೆರಳಿನಿಂದ ಅಪ್ಪನ ಹೆಸರನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒರೆಸಿದಳು.

ಬೆರಳಿಗೆ ಎಳೆಯ ಕಿತ್ತಳೆ ಬಣ್ಣ ಹತ್ತಿತು.